ಪಿಎಸ್‌ಐ ಸೊಂಟದಲ್ಲಿ 9 ಎಂಎಂ ಏಕೆ?

ಪ್ರಶ್ನೆ: ಕಡೂರು, ತರೀಕೆರೆ, ಅಜ್ಜಂಪುರದ ಠಾಣೆಗಳಿಗೆ ಪಿಸ್ತೂಲು ಆರಿಸುವವರು ಯಾರು? ದೊಡ್ಡ ಗುಂಡು ಏಕಿಲ್ಲ?

ಉತ್ತರ: ಆಯ್ಕೆ ಠಾಣೆಯದಲ್ಲ, ರಾಜ್ಯ ಪೊಲೀಸ್ ಇಲಾಖೆಯದು. ಕಾನ್‌ಸ್ಟೆಬಲ್‌ಗಳ ಕೈಯಲ್ಲಿ ದಿನನಿತ್ಯ ಲಾಠಿಯೇ. ಸೊಂಟದ ಆಯುಧ ಸಾಮಾನ್ಯವಾಗಿ ಪಿಎಸ್‌ಐ ಮತ್ತು ಮೇಲಿನವರಿಗೆ. ಹಳೆಯ .38 ರಿವಾಲ್ವರಿನಲ್ಲಿ ಆರೇ ಗುಂಡು. ಇಛಾಪುರದ ರೈಫಲ್ ಕಾರ್ಖಾನೆ ಬ್ರೌನಿಂಗ್ ಮಾದರಿಯಲ್ಲಿ ತಯಾರಿಸಿದ 9 ಎಂಎಂ ಪಿಸ್ತೂಲಿನಲ್ಲಿ 13. ಅದೇ ಗುಂಡು ಕಾರ್ಬೈನಿಗೂ ಆಗುವುದರಿಂದ ಖರೀದಿ, ದಾಸ್ತಾನು ಸಲೀಸು.

ದೊಡ್ಡ ಗುಂಡೇ ಮೇಲೆಂಬುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಎಫ್‌ಬಿಐ 1986ರ ಮಯಾಮಿ ಗುಂಡಿನ ಕಾಳಗದ ಬಳಿಕ 10 ಎಂಎಂ, ಆಮೇಲೆ .40 ಹಿಡಿದು, ಕೊನೆಗೆ 9 ಎಂಎಂಗೇ ಮರಳಿತು. ಒದೆತ ಕಡಿಮೆಯಿದ್ದರೆ ಗುರಿ ತಪ್ಪುವುದೂ ಕಡಿಮೆ. ಸಂತೆಯ ಜನಸಂದಣಿಯಲ್ಲಿ ಗುರಿ ತಪ್ಪಿದ ಗುಂಡು ದಾರಿಹೋಕರ ಜೀವಕ್ಕೇ ಎರವು. ಹಾಗಾಗಿ ಗುರಿಯಭ್ಯಾಸಕ್ಕೆ ಗುಂಡು ಧಾರಾಳವಾಗಿ ಸಿಗಲೇಬೇಕು.

ಅಂದಹಾಗೆ, 9 ಎಂಎಂ ನಿಷೇಧಿತ ವರ್ಗದ್ದು. ಸಾಮಾನ್ಯ ನಾಗರಿಕರ ಪರವಾನಗಿಗೆ ಸಿಗುವುದು .32ರಂಥವು.