ಕಡಲಿನ ಬಣ್ಣ ಓದುವ ಮುನ್ನ ಗಾಳಿಯ ಲೆಕ್ಕ

ಉಪಗ್ರಹ ಕೊಟ್ಟ ಅರಬ್ಬಿ ಸಮುದ್ರದ ಹಸಿರು-ನೀಲಿ ನಕ್ಷೆಯನ್ನು ನಾವು ಫೋಟೊ ಎಂದೇ ನಂಬುತ್ತೇವೆ. ಆದರೆ ಅಲ್ಲಿರುವುದು ಒಂದು ದೊಡ್ಡ ಮೊತ್ತದಿಂದ ಇನ್ನೊಂದು ದೊಡ್ಡ ಮೊತ್ತವನ್ನು ಕಳೆದು ಉಳಿದ ಶೇಷ. ಸಂವೇದಕಕ್ಕೆ ತಲುಪುವ ನೀಲಿ ಬೆಳಕಿನಲ್ಲಿ ಸುಮಾರು ಶೇ 90 ಪಾಲು ಗಾಳಿಯ ಅಣುಗಳೂ ತೇಲುವ ದೂಳು, ಉಪ್ಪಿನ ಕಣಗಳೂ ಚದುರಿಸಿದ್ದು. ಕಡಲಿಗೆ ಹಸಿರು ಕೊಡುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳ ಸುದ್ದಿ ಇರುವುದು ನೀರಿನೊಳಗಿಂದ ಬರುವ ಉಳಿದ ಅಲ್ಪ ಪಾಲಿನಲ್ಲಿ. ಹಾಗಾಗಿ ಒಟ್ಟು ಬೆಳಕಿನ ಅಳತೆ ಶೇ 1ರಷ್ಟು ತಪ್ಪಿದರೆ ನೀರಿನ ಲೆಕ್ಕ ಶೇ 10ರಷ್ಟು ತಪ್ಪುತ್ತದೆ. ಇಷ್ಟು ನಾಜೂಕಾದ ಶೇಷಗಳನ್ನು ಬೇರೆ ಬೇರೆ ಉಪಗ್ರಹಗಳಿಂದ ತಂದು ಜೋಡಿಸಿ ದಶಕಗಳ ಕಥೆ ಹೇಳಬೇಕಾದರೆ, ಕಳೆಯುವ ರೀತಿ ಎಲ್ಲಕ್ಕೂ ಒಂದೇ ಆಗಿರಬೇಕು ಎಂಬುದು ನನ್ನ ವಾದ.

ಅಣುಗಳ ಪಾಲನ್ನು ಸೂರ್ಯನ ಕೋನ, ವಾಯುಒತ್ತಡಗಳಿಂದ ಕರಾರುವಾಕ್ಕಾಗಿ ಹೇಳಬಹುದು. ತೊಡಕು ಇರುವುದು ದೂಳಿನಲ್ಲಿ. 1994ರಲ್ಲಿ ಹೊವಾರ್ಡ್ ಗಾರ್ಡನ್ ಮತ್ತು ಮೆಂಗ್‌ಹುವಾ ವಾಂಗ್ ಪ್ರಕಟಿಸಿದ ವಿಧಾನ ಒಂದು ಸರಳ ಗುಣವನ್ನು ನೆಚ್ಚಿದೆ: ತಿಳಿಯಾದ ಕಡಲು ಅವಗೆಂಪು ಬೆಳಕನ್ನು ಹೀರಿಬಿಡುತ್ತದೆ, ಆದ್ದರಿಂದ ಆ ಪಟ್ಟಿಯಲ್ಲಿ ಕಂಡದ್ದೆಲ್ಲ ಗಾಳಿಯದೇ. ಎರಡು ಅವಗೆಂಪು ಪಟ್ಟಿಗಳಿಂದ ಕಣಗಳ ಬಗೆಯನ್ನು ಊಹಿಸಿ, ನೀಲಿಯಲ್ಲಿ ಅವುಗಳ ಪಾಲನ್ನು ಕಳೆಯುತ್ತಾರೆ. ಆದರೆ ನೇತ್ರಾವತಿಯೋ ಕಾಳಿಯೋ ಮಳೆಗಾಲದಲ್ಲಿ ಮಣ್ಣು ತಂದು ಸುರಿಯುವ ಅಳಿವೆಯ ಬಳಿ, ಮೋಡ ಸರಿದ ದಿನವೂ, ಈ ನಂಬಿಕೆ ಕೈಕೊಡುತ್ತದೆ. ಕೆಸರು ನೀರು ಅವಗೆಂಪನ್ನು ಮರಳಿ ಕಳಿಸುತ್ತದೆ; ಲೆಕ್ಕ ಅದನ್ನು ದೂಳೆಂದು ಬಗೆದು ಹೆಚ್ಚು ಕಳೆಯುತ್ತದೆ; ಕೆಲವೊಮ್ಮೆ ನೀರಿನ ನೀಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇನ್ನೂ ದೀರ್ಘ ತರಂಗದ ಪಟ್ಟಿಗಳು ಇಲ್ಲಿ ನೆರವಾಗುತ್ತವೆ. ಅಕ್ವಾ ಉಪಗ್ರಹದ ಮೋಡಿಸ್ ಸಂವೇದಕದಲ್ಲಿ ಅವು ಇವೆ. 1997ರ ಸೀವಿಫ್ಸ್ ಸಂವೇದಕದಲ್ಲಾಗಲಿ 1999ರಲ್ಲಿ ಇಸ್ರೊ ಹಾರಿಸಿದ ಓಷನ್‌ಸ್ಯಾಟ್-1ರಲ್ಲಾಗಲಿ ಇರಲಿಲ್ಲ. ಒಂದೇ ಅಳಿವೆ ಎರಡು ಉಪಗ್ರಹಗಳಿಗೆ ಎರಡು ಬಣ್ಣವಾಗಿ ಕಾಣಲು ಇಷ್ಟು ಸಾಕು.

ಪ್ರತಿ ಸಂವೇದಕವನ್ನೂ ನೀರಿನಲ್ಲೇ ಮಾಡಿದ ಅಳತೆಗೆ ಸರಿಹೊಂದಿಸಿದ ಮೇಲೆ ಚಿಂತೆ ಯಾಕೆ ಎಂದು ಕೇಳಬಹುದು. ಹವಾಯಿಯ ಲಾನಾಯ್ ದ್ವೀಪದ ಬಳಿ 1997ರಿಂದ ಮೋಬಿ ಎಂಬ ತೇಲುಮಾಪಕ ಇದಕ್ಕೆಂದೇ ದುಡಿಯುತ್ತಿದೆ, ಅದರ ಉಪಕಾರ ದೊಡ್ಡದು. ಆದರೆ ಆ ಹೊಂದಾಣಿಕೆ ಸಂವೇದಕ ಮತ್ತು ಗಾಳಿಯ ಲೆಕ್ಕ ಎರಡಕ್ಕೂ ಸೇರಿ ಆಗುವಂಥದ್ದು. ಲೆಕ್ಕದ ವಿಧಾನ ಬದಲಾದರೆ ಅದನ್ನು ಮತ್ತೆ ಮಾಡಬೇಕು. ಅಲ್ಲದೆ ತಿಳಿನೀರಿನಲ್ಲಿ ಪಡೆದ ಹೊಂದಾಣಿಕೆ ಕೆಸರಿನ ತಪ್ಪನ್ನು ತಿದ್ದಲಾರದು. ಒಂದೇ ವಿಧಾನ ಹಿಡಿದರೆ ಅದರ ದೋಷವೂ ಎಲ್ಲೆಡೆ ಹರಡುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ನಿಜ, ಹರಡುತ್ತದೆ. ಆದರೂ ಎಲ್ಲ ಕಡೆ ಒಂದೇ ಬಗೆಯಾಗಿರುವ ದೋಷ, ಉಪಗ್ರಹ ಬದಲಾದ ವರ್ಷದಲ್ಲಿ ಇಲ್ಲದ ಏರಿಳಿತವನ್ನು ಹುಟ್ಟಿಸುವ ಸಾಧ್ಯತೆ ಕಡಿಮೆ. ಅರಬ್ಬಿ ಸಮುದ್ರದ ಮಟ್ಟಿಗೆ ಇದು ಸಣ್ಣ ಮಾತಲ್ಲ: 2005ರ ಅಧ್ಯಯನವೊಂದು ಅದರ ಪಶ್ಚಿಮ ಭಾಗದಲ್ಲಿ ಸಸ್ಯಪ್ಲವಕ ಹೆಚ್ಚುತ್ತಿದೆ ಎಂದಿತು, 2016ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ, ಇನ್ನೂ ದೀರ್ಘ ಅವಧಿಯನ್ನು ನೋಡಿ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಇಳಿಕೆ ಕಂಡಿತು. ಇಂಥ ವಾದ ಇತ್ಯರ್ಥವಾಗಬೇಕಾದರೆ ಹಳೆಯ ಉಪಗ್ರಹಗಳ ಕಚ್ಚಾ ದತ್ತಾಂಶವನ್ನೂ ಹೊಸ ವಿಧಾನದಲ್ಲಿ ಮತ್ತೆ ಮತ್ತೆ ಸಂಸ್ಕರಿಸಬೇಕು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಮೀನುಗಾರರಿಗೆ ಕೊಡುವ ಸೂಚನೆಗೆ ಇಷ್ಟು ಬಿಗಿ ಬೇಕಾಗದು, ಹಸಿರು ಎಲ್ಲಿ ದಟ್ಟ ಎಂದು ತಿಳಿದರೆ ನಾಳೆಯ ದೋಣಿಗೆ ದಾರಿ ಸಿಗುತ್ತದೆ. ಮೂವತ್ತು ವರ್ಷಗಳಲ್ಲಿ ಮೀನಿನ ಮೇವು ಕರಗಿತೇ ಎಂಬ ಪ್ರಶ್ನೆಗೆ ಮಾತ್ರ ಪ್ರತಿ ಚುಕ್ಕೆಯ ಪಕ್ಕದಲ್ಲೂ ಅದರ ಅನಿಶ್ಚಿತತೆಯ ಅಂಕಿ ಇರಲೇಬೇಕು.