ಅಪ್ಪಟ ಹಾಲೂ ಮಿಶ್ರಣವೇ?

ಪ್ರಶ್ನೆ: ಒಂದು ಹನಿ ನೀರೂ ಬೆರೆಸದ ಹಸುವಿನ ಹಾಲನ್ನು ಮಗಳ ವಿಜ್ಞಾನ ಪುಸ್ತಕ ‘ಮಿಶ್ರಣ’ ಎನ್ನುತ್ತದೆ. ಇದು ಹೇಗೆ?

ಉತ್ತರ: ಪುಸ್ತಕ ಹೇಳಿದ್ದು ಸರಿ. ನೀವು ನೋಡುತ್ತಿರುವುದು ಕಲಬೆರಕೆ ಇದೆಯೇ ಎಂದು. ರಸಾಯನಶಾಸ್ತ್ರ ನೋಡುವುದು ಪಾತ್ರೆಯಲ್ಲಿರುವುದು ಒಂದೇ ವಸ್ತುವೇ ಎಂದು. ಹಸುವಿನ ಹಾಲಿನಲ್ಲಿ ಹಸುವೇ ಬೆರೆಸಿದ ನೀರು ಸುಮಾರು ಶೇ. 87ರಷ್ಟಿದೆ! ಉಳಿದದ್ದು ಕೊಬ್ಬು, ಲ್ಯಾಕ್ಟೋಸ್ ಎಂಬ ಸಕ್ಕರೆ, ಪ್ರೋಟೀನು, ಲವಣಗಳು. ತಳಿ, ಮೇವು ಬದಲಾದರೆ ಪ್ರಮಾಣವೂ ಬದಲಾಗುತ್ತದೆ. ಕಾಯಿಸಿ ಆರಲು ಬಿಟ್ಟರೆ ಕೊಬ್ಬು ಕೆನೆಯಾಗಿ ಮೇಲೆ ಬರುತ್ತದೆ.

ಉಪ್ಪಿನ ಕಥೆ ಹೀಗಲ್ಲ. ಅದರಲ್ಲೂ ಸೋಡಿಯಂ, ಕ್ಲೋರಿನ್ ಎರಡಿವೆ. ಆದರೆ ರಾಸಾಯನಿಕವಾಗಿ ಕೂಡಿ ಬೇರೆಯೇ ವಸ್ತುವಾಗಿವೆ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುವ ಲೋಹ, ಕ್ಲೋರಿನ್ ವಿಷಾನಿಲ. ಉಪ್ಪಿನಲ್ಲಿ ಎರಡರ ಗುಣವೂ ಇಲ್ಲ. ತೂಕದಲ್ಲಿ ಸೋಡಿಯಂ ಸುಮಾರು ಶೇ. 39, ಕ್ಲೋರಿನ್ ಶೇ. 61. ಸಮುದ್ರದಿಂದ ಬಂದರೂ ಗಣಿಯಿಂದ ಬಂದರೂ ಸೋಡಿಯಂ ಕ್ಲೋರೈಡಿನಲ್ಲಿ ಈ ಲೆಕ್ಕ ಕದಲದು. ಹಾಗಾಗಿ ಅದು ಶುದ್ಧ ವಸ್ತು. (ಅಂಗಡಿಯ ಪೊಟ್ಟಣಕ್ಕೆ ಅಯೋಡಿನ್ ಲವಣ ಸೇರಿಸಿರುವುದರಿಂದ, ಕಟ್ಟುನಿಟ್ಟಾಗಿ ಹೇಳಿದರೆ, ಅದೂ ಮಿಶ್ರಣವೇ.)

ಗುರುತಿಸಲು ಕುದಿಸಿ ನೋಡುವುದುಂಟು. ಬಟ್ಟಿ ಇಳಿಸಿದ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯತೊಡಗಿ, ಬತ್ತುವವರೆಗೂ ಅಲ್ಲೇ ನಿಲ್ಲುತ್ತದೆ. ಉಪ್ಪುನೀರಿನ ಉಷ್ಣತೆ ನೀರು ಆವಿಯಾದಂತೆ ಏರುತ್ತಾ ಹೋಗುತ್ತದೆ. ಇದೊಂದನ್ನೇ ನಂಬಿದರೆ ಮೋಸ ಹೋಗುವ ಸಂಭವವೂ ಇದೆ: ತೂಕದಲ್ಲಿ ಸುಮಾರು ಶೇ. 96 ಎಥನಾಲ್ ಇರುವ ನೀರಿನ ಮಿಶ್ರಣ, ಶುದ್ಧ ವಸ್ತುವಿನಂತೆಯೇ, ಸುಮಾರು 78 ಡಿಗ್ರಿಯಲ್ಲಿ ಸ್ಥಿರವಾಗಿ ಕುದಿಯುತ್ತದೆ.