ಹೊಸ ಕಿಟಕಿ ತೆರೆಯುವ ತಾಣ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆಗಳ ಶಾಸನಗಳು ಮೈಸೂರು ವಿಶ್ವವಿದ್ಯಾನಿಲಯವು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿಯೂ ನಾಗಮಂಗಲದವು 7ನೆಯದರಲ್ಲಿಯೂ ಇವೆ. ಇವುಗಳಲ್ಲಿ ಒಂದನ್ನು ಗಣಕದ ತೆರೆಯ ಮೇಲೆ ಓದುವ ಅಭ್ಯಾಸಿಯು ಒಂದು ಕಿಟಕಿಯಲ್ಲಿ ಶಿಲಾಲೇಖದ ಛಾಯಾಚಿತ್ರವನ್ನೂ ಮತ್ತೊಂದರಲ್ಲಿ ತನ್ನ ಪಾಠವನ್ನೂ ಇರಿಸಿಕೊಂಡಿರುವಾಗ, ಹೊಸದಾಗಿ ತೆರೆದ ನಿಘಂಟಿನ ಕಿಟಕಿಯು ಸವೆದ ಅಕ್ಷರದ ಮೇಲೆಯೇ ಬಂದು ಕುಳಿತಿತೆಂದರೆ, ಕಷ್ಟದಿಂದ ಹಿಡಿದಿದ್ದ ಸಾಲು ಕೈತಪ್ಪಿಹೋಗುವುದು.

ಲಿನಕ್ಸಿನಲ್ಲಿ ಹೊಸ ಕಿಟಕಿ ತೆರೆಯುವ ಸ್ಥಾನವನ್ನು ನಿರ್ಣಯಿಸುವುದು ವಿಂಡೋ ಮ್ಯಾನೇಜರ್ ಎಂಬ ತಂತ್ರಾಂಶ. ಹಳೆಯ ಎಕ್ಸ್11 ಪದ್ಧತಿಯಲ್ಲಿ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದ ಸ್ಥಳವನ್ನು ತಾನೇ ಕೋರಬಹುದಾಗಿದ್ದಿತು. ಈಗಿನ ವೇಲ್ಯಾಂಡ್‌ನಲ್ಲಿ ಸಾಮಾನ್ಯವಾಗಿ ಆ ಅಧಿಕಾರವಿಲ್ಲ. ಲಿನಕ್ಸಿನ ಡೆಸ್ಕ್‌ಟಾಪ್ ಪರಿಸರಗಳಲ್ಲಿ ಒಂದಾದ ಗ್ನೋಮ್‌ನಲ್ಲಿ ‘ಟ್ವೀಕ್ಸ್’ ಎಂಬ ತಂತ್ರಾಂಶದ ಮೂಲಕ ಹೊಸ ಕಿಟಕಿಗಳನ್ನೆಲ್ಲ ತೆರೆಯ ನಡುವೆ ತೆರೆಯಿಸಬಹುದು. ಶಾಸನದ ಓದಿಗೆ ಅದು ಸಾಲದು. ಮತ್ತೊಂದು ಪರಿಸರವಾದ ಕೆಡಿಇ ಪ್ಲಾಸ್ಮಾ ಇದಕ್ಕಿಂತ ಉದಾರವಾದುದು: ನಿಘಂಟನ್ನು ಬಲಮೂಲೆಗೆ ಸರಿಸಿ, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಪಟ್ಟಿಯಿಂದ ಆ ಕಿಟಕಿಯ ವಿಶೇಷ ನಿಯಮಗಳ ಪುಟವನ್ನು ತೆರೆದು, ‘ಪೊಸಿಷನ್’ ಎಂಬ ಗುಣಕ್ಕೆ ‘ರಿಮೆಂಬರ್’ ಎಂದು ಆರಿಸಿದರಾಯಿತು. ಶಾಸನ ಓದುವವರು ಒಮ್ಮೆ ಹೀಗೆ ಮಾಡಿ ನೋಡಬೇಕೆಂದು ನನ್ನ ಬಿನ್ನಹ.